ಕಾರಿಲ್ಲದೆ ಡಿಸೆಂಬರಿನಲ್ಲಿ ಮೂರು ದಿನ: ಬೆಳಗಾವಿಯಿಂದ ಯಾವ ಊರಿಗೆ ಹೋಗುವುದು ಅನುಕೂಲ?

ಟಿಳಕವಾಡಿಗ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಹದಿನಾಲ್ಕು ವರ್ಷ ಓಡಿಸಿದ ಕಾರನ್ನು ಈ ವರ್ಷ ಮಾರಿದ ಮೇಲೆ ನಾವು ಹೊಸದನ್ನು ಕೊಳ್ಳಲಿಲ್ಲ. ಬೆಳಗಾವಿಯೊಳಗಿನ ಓಡಾಟಕ್ಕೆ ಸ್ಕೂಟರ್ ಸಾಕಾಗಿದೆ. ಡಿಸೆಂಬರಿನಲ್ಲಿ ಮೂರು ದಿನ ಯಾವುದಾದರೂ ಊರಿಗೆ ಹೋಗಿ ಬರಬೇಕೆಂಬುದು ಮನೆಯವರೆಲ್ಲರ ಆಸೆ. ಹೊರಡುವವರು ನಾನು, ನನ್ನ ಪತ್ನಿ, ಒಂಬತ್ತು ವರ್ಷದ ಮಗಳು ಮತ್ತು ಎಪ್ಪತ್ತೊಂದು ವರ್ಷದ ತಾಯಿ. ತಾಯಿಯವರಿಗೆ ಮೊಣಕಾಲು ನೋವಿರುವುದರಿಂದ ಸಮತಟ್ಟಾದ ದಾರಿಯಲ್ಲಿ ಅರ್ಧ ಕಿಲೋಮೀಟರ್ ನಡೆಯಬಲ್ಲರು, ಮೆಟ್ಟಿಲು ಹತ್ತುವುದು ಕಷ್ಟ.

ಕಳೆದ ವರ್ಷ ಬಾಡಿಗೆ ಕಾರಿನಲ್ಲಿ ಗೋವೆಗೆ ಹೋಗಿದ್ದೆವು. ವಸತಿಗಿಂತ ಕಾರಿನ ಬಾಡಿಗೆಯೇ ಹೆಚ್ಚಾಯಿತು. ಚೋರ್ಲಾ ಘಾಟಿನ ತಿರುವುಗಳಲ್ಲಿ ಮಗಳು ಎರಡು ಸಲ ವಾಂತಿ ಮಾಡಿಕೊಂಡಳು. ಆದ್ದರಿಂದ ಈ ಸಲ ರೈಲು, ಸರಕಾರಿ ಬಸ್ಸು, ಊರೊಳಗೆ ಆಟೋ, ಇಷ್ಟರಲ್ಲೇ ಪ್ರವಾಸ ಮುಗಿಸಬೇಕೆಂದು ನಿಶ್ಚಯಿಸಿದ್ದೇವೆ. ವಿಜಯಪುರ, ಮೈಸೂರು ಮತ್ತು ಪುಣೆ ಈ ಮೂರು ಹೆಸರುಗಳು ಮನೆಯಲ್ಲಿ ಸುತ್ತುತ್ತಿವೆ. ಕಾರಿಲ್ಲದೆ ಓಡಾಡಿದ ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಗುಮ್ಮಟದೂರಿನವ:

ಕಾರಿಲ್ಲದವರು ಮನೆಯಿಂದ ಊರು ಎಷ್ಟು ದೂರವೆಂದು ಮೊದಲು ನೋಡುತ್ತಾರೆ. ನನ್ನ ಪ್ರಕಾರ ಅಳೆಯಬೇಕಾದದ್ದು ಬಸ್ಸೋ ರೈಲೋ ಇಳಿದ ಜಾಗದಿಂದ ನೋಡುವ ಜಾಗಕ್ಕಿರುವ ದೂರವನ್ನು. ಐದಾರು ತಾಸಿನ ಪ್ರಯಾಣ ಕುಳಿತಲ್ಲೇ ಕಳೆದುಹೋಗುತ್ತದೆ. ಆದರೆ ಇಳಿದ ಮೇಲೆ ದಿನಕ್ಕೆ ಆರು ಸಲ ಆಟೋದವರೊಡನೆ ಚೌಕಾಸಿಗೆ ನಿಂತರೆ ಪ್ರವಾಸದ ಸುಖ ಅಲ್ಲಿಯೇ ಸೋರಿಹೋಗುತ್ತದೆ.

ಈ ಲೆಕ್ಕದಲ್ಲಿ ನಮ್ಮ ವಿಜಯಪುರಕ್ಕೆ ಒಳ್ಳೆಯ ಅಂಕ ಸಿಗಬೇಕು. ಪೂರ್ವಕ್ಕೆ ರೈಲು ನಿಲ್ದಾಣದ ಹತ್ತಿರವೇ ಗೋಳಗುಮ್ಮಟ, ಪಶ್ಚಿಮದ ಕೊನೆಗೆ ಇಬ್ರಾಹಿಂ ರೋಜಾ, ನಡುವೆ ಜುಮ್ಮಾ ಮಸೀದಿ, ಗಗನ ಮಹಲ್, ಬಾರಾ ಕಮಾನ್. ಎಲ್ಲವೂ ಕೆಲವೇ ಕಿಲೋಮೀಟರಿನೊಳಗಿವೆ. ಮಗಳನ್ನು ಒಮ್ಮೆ ಟಾಂಗಾದಲ್ಲಿ ಕೂರಿಸಿರಿ. ದರವನ್ನು ಮಾತ್ರ ಹತ್ತುವ ಮೊದಲೇ ಗೊತ್ತುಮಾಡಿಕೊಳ್ಳಿರಿ.

ಗುಮ್ಮಟದ ವಿಷಯದಲ್ಲಿ ಎರಡು ಎಚ್ಚರಿಕೆಗಳಿವೆ. ಮೊದಲನೆಯದು ತಮ್ಮ ತಾಯಿಯವರ ಕುರಿತದ್ದು. ಪಿಸುಮಾತು ಕೇಳಿಸುವ ಗ್ಯಾಲರಿಗೆ ಮೂಲೆಯ ಗೋಪುರದೊಳಗಿನ ಇಕ್ಕಟ್ಟಾದ, ಕಡಿದಾದ ಮೆಟ್ಟಿಲುಗಳನ್ನೇ ಹತ್ತಬೇಕು. ಅದು ಅವರಿಂದ ಆಗದ ಕೆಲಸ. ಆದರೆ ಒಂದೂ ಕಂಬವಿಲ್ಲದ ಆ ದೊಡ್ಡ ಹಜಾರದಲ್ಲಿ ನಿಂತು, ಹೊರಗಿನಿಂದ ಸುಮಾರು 44 ಮೀಟರ್ ಅಡ್ಡಳತೆಯ ಆ ಗುಮ್ಮಟವನ್ನು ಕತ್ತೆತ್ತಿ ನೋಡುವುದೂ ಕಡಿಮೆಯ ಅನುಭವವಲ್ಲ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನ ಗೋರಿ ಕೆಳಗೇ ಇದೆ. ಎರಡನೆಯದು, ಡಿಸೆಂಬರ್ ಮತ್ತು ಜನವರಿ ಶಾಲಾ ಪ್ರವಾಸದ ತಿಂಗಳುಗಳು. ಹತ್ತು ಗಂಟೆಯ ಹೊತ್ತಿಗೆ ನಾಲ್ಕಾರು ಶಾಲೆಗಳ ಮಕ್ಕಳು ಒಟ್ಟಿಗೆ ಮೇಲೇರಿ ಕೂಗತೊಡಗಿದರೆ ಪಿಸುಮಾತಿನ ಮಾತಿರಲಿ, ಪಕ್ಕದವರ ಮಾತೂ ಕೇಳುವುದಿಲ್ಲ. ಥಂಡಿಯೆಂದು ಹಿಂಜರಿಯದೆ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿರಿ. ಆವರಣದ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ.

ಊರಿನ ಹೊರಗೆ ಪರಿಚಯದವರ ಹೊಲವಿದ್ದರೆ ಈ ಕಾಲದಲ್ಲಿ ಸೀತನಿಯ (ಸುಟ್ಟ ಹಸಿ ಜೋಳದ ತೆನೆಯ) ಸುಗ್ಗಿಯೂ ಸಿಗುತ್ತದೆ. ಆದರೂ ಒಂದು ಮಾತನ್ನು ಒಪ್ಪಿಕೊಳ್ಳಲೇಬೇಕು: ನೋಡುವುದೆಲ್ಲ ಒಂದೂವರೆ ದಿನದಲ್ಲಿ ಮುಗಿಯುತ್ತದೆ. ಮೂರನೆಯ ದಿನಕ್ಕೆ ರೈಲಿನಲ್ಲಿ ಬಾದಾಮಿಗೆ ಹೋಗಬಹುದು.

ನವನಗರದ ಶಿಕ್ಷಕಿ:

ಮೇಲಿನ ಸಹೋದರರು ಹೇಳಿದ ಅಳತೆಗೋಲು ಸರಿಯಾಗಿದೆ. ಆದರೆ ಅದೇ ಅಳತೆಗೋಲನ್ನು ಹಿಡಿದರೆ ಬಾದಾಮಿ ತಮಗೆ ಹೊಂದುವುದಿಲ್ಲ. ನಾನು ಬಾಗಲಕೋಟೆಯವಳಾಗಿ ಇದನ್ನು ಹೇಳಬೇಕಾಗಿದೆ. ರೈಲು ನಿಲ್ದಾಣ ಊರಿನಿಂದ ಸುಮಾರು ಐದು ಕಿಲೋಮೀಟರ್ ದೂರದಲ್ಲಿದೆ. ಗುಹೆಗಳಿಗೆ ಹೋಗುವ ದಾರಿಯೆಲ್ಲ ಮೆಟ್ಟಿಲು, ಮೇಲಾಗಿ ಕೈಯಲ್ಲಿ ಏನಾದರೂ ಕಂಡರೆ ಮಂಗಗಳು ಸುಮ್ಮನೆ ಬಿಡುವುದಿಲ್ಲ. 578ರ ಶಾಸನವಿರುವ ಮೂರನೆಯ ಗುಹೆಯನ್ನು ನೋಡದೆ ತಾಯಿಯವರು ಕೆಳಗೆ ಕಲ್ಲಿನ ಮೇಲೆ ಕುಳಿತು ಕಾಯುವುದಾದರೆ ಅಷ್ಟು ದೂರ ಕರೆದುಕೊಂಡು ಹೋಗುವುದೇಕೆ? ಅವರಿಗೆ ಸುಲಭವಾದದ್ದು ಸಮತಟ್ಟು ನೆಲದ ಪಟ್ಟದಕಲ್ಲು, ಅದು ಬಾದಾಮಿಯಿಂದ ಇಪ್ಪತ್ತು ಕಿಲೋಮೀಟರಿಗೂ ಆಚೆ. ಬನದ ಹುಣ್ಣಿಮೆಯ ಸುಮಾರಿಗೆ ಬರುವುದಾದರಂತೂ ಬನಶಂಕರಿ ಜಾತ್ರೆಯಿಂದಾಗಿ ಬಾದಾಮಿಯಲ್ಲಿ ಕೋಣೆ ಸಿಗುವುದೇ ಕಷ್ಟ.

ನನ್ನ ಮತ ಮೈಸೂರಿಗೆ. ಎರಡು ವರ್ಷದ ಹಿಂದೆ ನಾನು ನಮ್ಮ ಅತ್ತೆಯವರನ್ನು ಗೋಳಗುಮ್ಮಟ ಎಕ್ಸ್‌ಪ್ರೆಸ್‌ನಲ್ಲಿ ಕರೆದುಕೊಂಡು ಹೋಗಿದ್ದೆ. ತಮಗೆ ಬೆಳಗಾವಿಯಿಂದಲೇ ವಿಶ್ವಮಾನವ ಎಕ್ಸ್‌ಪ್ರೆಸ್ ಇದೆ. ಅರಮನೆ ರೈಲು ನಿಲ್ದಾಣದಿಂದ ಎರಡು ಕಿಲೋಮೀಟರಿನೊಳಗಿದೆ, ನಗರ ಬಸ್ ನಿಲ್ದಾಣ ಅರಮನೆಯ ಮಗ್ಗುಲಲ್ಲಿಯೇ ಇದೆ, ಚಾಮುಂಡಿ ಬೆಟ್ಟಕ್ಕೆ ಅಲ್ಲಿಂದಲೇ ನಗರ ಸಾರಿಗೆ ಬಸ್ಸು ಹೊರಡುತ್ತದೆ. ಶಕ್ತಿ ಯೋಜನೆ ಇರುವುದರಿಂದ ನಾವಿಬ್ಬರೂ ಊರೊಳಗಿನ ಬಸ್ಸಿಗೆ ಒಂದು ರೂಪಾಯಿಯನ್ನೂ ಕೊಡಲಿಲ್ಲ. ಆಧಾರ್ ಚೀಟಿ ಮಾತ್ರ ಕೈಯಲ್ಲಿರಬೇಕು. ಮೃಗಾಲಯದಲ್ಲಿ ಬ್ಯಾಟರಿ ಗಾಡಿ ಸಿಗುವುದರಿಂದ ಅತ್ತೆಯವರು ಜಿರಾಫೆಯವರೆಗೂ ದಣಿಯದೆ ಬಂದರು. ಮಂಗಳವಾರ ಮೃಗಾಲಯಕ್ಕೆ ರಜೆ. ಭಾನುವಾರ ಸಂಜೆ ಅರಮನೆಗೆ ದೀಪಾಲಂಕಾರ. ಆದ್ದರಿಂದ ಭಾನುವಾರ ಒಳಗೊಳ್ಳುವಂತೆ ದಿನಗಳನ್ನು ಹೊಂದಿಸಿಕೊಳ್ಳುವುದು ಮೇಲು.

ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ವಾರವನ್ನು ಮಾತ್ರ ಬಿಟ್ಟುಬಿಡಿರಿ. ಅರಮನೆಯ ಒಳಗೆ ಪಾದರಕ್ಷೆ ಬಿಟ್ಟು, ಸಾಲಿನಲ್ಲಿ ನಿಧಾನವಾಗಿ ಸರಿಯಬೇಕಾಗುತ್ತದೆ. ಮೊಣಕಾಲು ನೋವಿನವರಿಗೆ ನಡೆಯುವುದಕ್ಕಿಂತ ನಿಲ್ಲುವುದೇ ಹೆಚ್ಚು ಕಷ್ಟ ಎಂಬುದನ್ನು ನಾನು ಅಲ್ಲಿ ಕಂಡುಕೊಂಡೆ.

ನಿಪ್ಪಾಣಿ ದಾಟುವವ:

ಕೆಲಸದ ನಿಮಿತ್ತ ತಿಂಗಳಿಗೊಮ್ಮೆಯಾದರೂ ಪುಣೆಗೆ ಹೋಗುವವನಾಗಿ, ಪುಣೆಯ ಪರವಾಗಿ ಯಾರೂ ಮಾತನಾಡದಿರುವುದನ್ನು ನೋಡಿ ಬರೆಯುತ್ತಿದ್ದೇನೆ. ಮೈಸೂರಿನ ಬಗ್ಗೆ ಶಿಕ್ಷಕಿಯವರು ಹೇಳಿದ್ದರಲ್ಲಿ ತಪ್ಪಿಲ್ಲ, ಆದರೆ ವಿಶ್ವಮಾನವ ಹಗಲು ಗಾಡಿ. ಬೆಳಗಾವಿಯಿಂದ ಹೋಗಲು ಒಂದು ದಿನ, ಬರಲು ಒಂದು ದಿನ ಕೊಟ್ಟರೆ ಮೂರರಲ್ಲಿ ಉಳಿಯುವುದು ಒಂದೇ.

ಪುಣೆಯ ಚಿತ್ರ 2024ರ ಸೆಪ್ಟೆಂಬರಿನಲ್ಲಿ ಬದಲಾಯಿತು. ಅದೇ ತಿಂಗಳು ಹುಬ್ಬಳ್ಳಿ–ಪುಣೆ ವಂದೇ ಭಾರತ್ ಆರಂಭವಾಯಿತು, ಅದೇ ತಿಂಗಳ ಕೊನೆಗೆ ಪುಣೆಯ ಮೆಟ್ರೋ ನೆಲದಡಿಯಿಂದ ಸ್ವಾರಗೇಟ್‌ವರೆಗೆ ತೆರೆಯಿತು. ವಂದೇ ಭಾರತ್ ವಾರಕ್ಕೆ ಮೂರು ದಿನ ಮಾತ್ರ ಓಡುತ್ತದೆ. ಬೆಳಿಗ್ಗೆ ಬೆಳಗಾವಿಯಲ್ಲಿ ಹತ್ತಿದರೆ ಮಧ್ಯಾಹ್ನ ಪುಣೆ. ನಿಲ್ದಾಣದ ಬಳಿಯೇ ಮೆಟ್ರೋ ಇದೆ, ಡಿಸ್ಟ್ರಿಕ್ಟ್ ಕೋರ್ಟ್ (ಹಿಂದಿನ ಸಿವಿಲ್ ಕೋರ್ಟ್) ನಿಲ್ದಾಣದಲ್ಲಿ ಗಾಡಿ ಬದಲಿಸಿದರೆ ಕಸಬಾ ಪೇಠ, ಮಂಡಈ, ಸ್ವಾರಗೇಟ್ ಒಂದರ ಹಿಂದೊಂದು ಬರುತ್ತವೆ. ಮಂಡಈಯ ಸುತ್ತ ಕೋಣೆ ಹಿಡಿದರೆ ಶನಿವಾರವಾಡೆ, ದಗಡೂಶೇಠ ಗಣಪತಿ, ತುಳಶಿಬಾಗ್, ಕೇಳ್ಕರ್ ವಸ್ತುಸಂಗ್ರಹಾಲಯ ಇವೆಲ್ಲ ನಡೆದು ಹೋಗುವಷ್ಟು ಹತ್ತಿರ, ತಾಯಿಯವರಿಗೆ ಸಣ್ಣದೊಂದು ಆಟೋ ಸವಾರಿ. ಮೆಟ್ರೋ ನಿಲ್ದಾಣಗಳಲ್ಲೆಲ್ಲ ಲಿಫ್ಟ್ ಇರುವುದು ಅವರಿಗೆ ದೊಡ್ಡ ಅನುಕೂಲ. ಆದರೆ ಪೇಠೆಗಳ ಪಾದಚಾರಿ ದಾರಿಯಲ್ಲಿ ದ್ವಿಚಕ್ರ ವಾಹನಗಳು ನಿಂತಿರುತ್ತವೆ. ಸಂಜೆ ತುಳಶಿಬಾಗಿನೊಳಗೆ ಅವರನ್ನು ಕರೆದೊಯ್ಯಬೇಡಿರಿ.

ಬಸ್ಸಿನಲ್ಲಿ ಹೋಗುವುದಾದರೆ ಸ್ವಾರಗೇಟ್ ನಿಲ್ದಾಣದವರೆಗೆ ಹೋಗುವ ಸರಕಾರಿ ಬಸ್ಸನ್ನೇ ಹಿಡಿಯಿರಿ. ಒಂದು ಖಾಸಗಿ ಬಸ್ಸಿನವರು ನನ್ನನ್ನು ನಸುಕಿನ ನಾಲ್ಕು ಗಂಟೆಗೆ, ಕೊರೆಯುವ ಥಂಡಿಯಲ್ಲಿ, ಬೈಪಾಸಿನಲ್ಲೇ ಇಳಿಸಿ ಹೋಗಿದ್ದರು. ಅಂತರರಾಜ್ಯ ಬಸ್ಸಿನಲ್ಲಿ ಶಕ್ತಿ ಯೋಜನೆ ನಡೆಯುವುದಿಲ್ಲ. ಇನ್ನೊಂದು ವಿಷಯ ಬೆಳಗಾವಿಯವರಾದ ತಮಗೆ ಗೊತ್ತೇ ಇದೆ: ಡಿಸೆಂಬರಿನಲ್ಲಿ ಸುವರ್ಣ ವಿಧಾನಸೌಧದ ಅಧಿವೇಶನ ನಡೆಯುವಾಗ ಗಡಿಯ ಮಾತು ಬಿಸಿಯೇರುವುದುಂಟು, 2022ರಲ್ಲಿ ಎರಡೂ ಕಡೆಯ ಬಸ್ಸುಗಳು ನಿಂತುಹೋಗಿದ್ದವು. ಆ ದಿನಗಳಲ್ಲಿ ರೈಲನ್ನೇ ನಂಬಿರಿ.

ತಾಯಿಯವರಿಗೆ ಸಂಗೀತದ ಒಲವಿದ್ದರೆ ಹೇಳುತ್ತೇನೆ. ಭೀಮಸೇನ ಜೋಶಿಯವರು ತಮ್ಮ ಗುರು, ಕುಂದಗೋಳದ ಸವಾಯಿ ಗಂಧರ್ವರ ನೆನಪಿಗಾಗಿ 1953ರಲ್ಲಿ ಆರಂಭಿಸಿದ ಸಂಗೀತೋತ್ಸವ ಪುಣೆಯಲ್ಲಿ ನಡೆಯುವುದು ಡಿಸೆಂಬರಿನಲ್ಲಿಯೇ. ಇತ್ತೀಚಿನ ವರ್ಷಗಳಲ್ಲಿ ಅದು ಸ್ವಾರಗೇಟಿನಿಂದ ದೂರವಲ್ಲದ ಮುಕುಂದನಗರದಲ್ಲಿ ನಡೆದಿದೆ. ನೆಲದ ಬೈಠಕ್ಕಿನ ಜೊತೆಗೆ ಕುರ್ಚಿಗಳೂ ಇರುತ್ತವೆ. ಮೊಣಕಾಲಿನ ಸಲುವಾಗಿ ಕುರ್ಚಿಯ ಟಿಕೆಟನ್ನೇ ಕೊಳ್ಳಬೇಕು.

ಟಿಳಕವಾಡಿಗ:

ಮೂವರಿಗೂ ಕೃತಜ್ಞನಾಗಿದ್ದೇನೆ. ಉತ್ತರಗಳನ್ನೆಲ್ಲ ರಾತ್ರಿ ಊಟದ ಹೊತ್ತಿನಲ್ಲಿ ಮನೆಯವರಿಗೆ ಗಟ್ಟಿಯಾಗಿ ಓದಿ ಹೇಳಿದೆ. ಸವಾಯಿ ಗಂಧರ್ವರ ಹೆಸರು ಬಂದ ಕೂಡಲೇ ತಾಯಿಯವರು ತುತ್ತನ್ನು ಅಲ್ಲಿಗೇ ನಿಲ್ಲಿಸಿ, ತಮ್ಮ ತವರು ಕುಂದಗೋಳದ ಹತ್ತಿರದ ಹಳ್ಳಿ ಎಂಬುದು ನನಗೆ ಮರೆತುಹೋಗಿದೆಯೇ ಎಂದು ಕೇಳಿದರು. ಮೈಸೂರಿನ ಪರವಾಗಿದ್ದ ಪತ್ನಿಯೂ ಆಮೇಲೆ ಮಾತನಾಡಲಿಲ್ಲ. ಪುಣೆ ನಿಶ್ಚಯವಾಯಿತು. ಮಗಳಿಗೆ ಮಾತ್ರ ಗುಮ್ಮಟದಲ್ಲಿ ಕೂಗಬೇಕಾಗಿರುವುದರಿಂದ, ಜನವರಿಯ ಒಂದು ಶನಿವಾರ ನಾವಿಬ್ಬರೇ ಬಸ್ಸಿನಲ್ಲಿ ವಿಜಯಪುರಕ್ಕೆ ಬರುತ್ತೇವೆ.

ಒಂದು ಸಂದೇಹ ಉಳಿದಿದೆ. ಸಂಗೀತ ಕಛೇರಿ ರಾತ್ರಿ ಮುಗಿಯುವ ಹೊತ್ತಿಗೆ ಮುಕುಂದನಗರದಿಂದ ಮಂಡಈಗೆ ಮರಳುವುದು ಕಷ್ಟವಾಗುವುದೇ?

ನಿಪ್ಪಾಣಿ ದಾಟುವವ:

ಸಭೆ ಮುಗಿದಾಗ ಸಾವಿರಾರು ಜನ ಒಮ್ಮೆಲೇ ಹೊರಬೀಳುವುದರಿಂದ ಆಟೋ ಸಿಗುವುದು ತಡವಾಗುತ್ತದೆ. ಹಾಗಾಗಿ ಕೋಣೆಯನ್ನು ಮಂಡಈಯ ಬದಲು ಸ್ವಾರಗೇಟಿನ ಸುತ್ತಲೇ ಹಿಡಿಯಿರಿ. ಹಗಲಿನಲ್ಲಿ ಮಂಡಈ ಅಲ್ಲಿಂದ ಮೆಟ್ರೋದ ಒಂದೇ ನಿಲ್ದಾಣ. ತಾಯಿಯವರಿಗೆ ಉಣ್ಣೆಯ ಶಾಲು, ಕಾಲುಚೀಲ ಎರಡನ್ನೂ ಮರೆಯದೆ ಕಟ್ಟಿಕೊಳ್ಳಿರಿ, ಪುಣೆಯ ಡಿಸೆಂಬರ್ ರಾತ್ರಿ ಚೆನ್ನಾಗಿಯೇ ಕೊರೆಯುತ್ತದೆ.