ಬಿಝೆಯ 'ಕಾರ್ಮೆನ್': ಪೂರ್ತಿಯಾಗಿ ಕೇಳಲು ಯಾವ ಧ್ವನಿಮುದ್ರಣ?

ಪ್ರಶ್ನೆ

ಜಾರ್ಜ್ ಬಿಝೆಯ 'ಕಾರ್ಮೆನ್' ಒಪೆರಾದ ಹೆಸರಾಂತ ಹಾಡುಗಳನ್ನು ಬಿಡಿಬಿಡಿಯಾಗಿ ಬಹಳ ಕಾಲದಿಂದ ಕೇಳುತ್ತ ಬಂದಿದ್ದೇನೆ. ಈಗ ಸಾಹಿತ್ಯವನ್ನು ಎದುರಿಗಿಟ್ಟುಕೊಂಡು ನಾಲ್ಕೂ ಅಂಕಗಳನ್ನು ಮೊದಲಿನಿಂದ ಕೊನೆಯವರೆಗೆ ಕೇಳಬೇಕೆಂದಿದ್ದೇನೆ. ಅದಕ್ಕಾಗಿ ಎರಡು ಧ್ವನಿಮುದ್ರಣಗಳನ್ನು ಆರಿಸಿಕೊಂಡೆ. ಒಂದು, ಥಾಮಸ್ ಬೀಚಮ್ 1958-59ರಲ್ಲಿ ಪ್ಯಾರಿಸ್‌ನಲ್ಲಿ ನಿರ್ದೇಶಿಸಿದ್ದು. ಅದರಲ್ಲಿ ವಿಕ್ಟೋರಿಯಾ ದೆ ಲೋಸ್ ಆಂಖೆಲೆಸ್ ಕಾರ್ಮೆನ್, ನಿಕೊಲಾಯ್ ಗೆಡ್ಡಾ ಅವಳಿಗೆ ಮರುಳಾಗುವ ಸಿಪಾಯಿ ದಾನ್ ಜೋಸೆ. ಇನ್ನೊಂದು, ಕ್ಲಾಡಿಯೊ ಅಬ್ಬಾಡೊ ಲಂಡನ್ ಸಿಂಫನಿ ವಾದ್ಯವೃಂದದೊಡನೆ 1977-78ರಲ್ಲಿ ಮಾಡಿದ್ದು. ಅದರಲ್ಲಿ ತೆರೇಸಾ ಬೆರ್ಗಾನ್ಸಾ ಮತ್ತು ಪ್ಲಾಸಿಡೊ ಡೊಮಿಂಗೊ ಹಾಡಿದ್ದಾರೆ.

ಎರಡನ್ನೂ ಅಕ್ಕಪಕ್ಕ ಇಟ್ಟು ಕೇಳತೊಡಗಿದಾಗ ಗೊಂದಲವಾಯಿತು. ಬೀಚಮ್ ಅವರದರಲ್ಲಿ ಹಾಡುಗಳ ನಡುವಿನ ಭಾಗವೂ ವಾದ್ಯಗಳ ಜೊತೆಗೆ ಹಾಡಿನ ಧಾಟಿಯಲ್ಲೇ ಸಾಗುತ್ತದೆ. ಅಬ್ಬಾಡೊ ಅವರದರಲ್ಲಿ ಅದೇ ಜಾಗಗಳಲ್ಲಿ ಪಾತ್ರಗಳು ನಾಟಕದಲ್ಲಿ ಮಾತನಾಡುವಂತೆ ಮಾತನಾಡುತ್ತವೆ. ಮೂರನೆಯ ಅಂಕದಲ್ಲಿ ಜೋಸೆ ಮತ್ತು ಗೂಳಿಕಾಳಗದ ವೀರ ಎಸ್ಕಾಮಿಯೊ ಚಾಕು ಹಿಡಿದು ಕಾದಾಡುವ ದೃಶ್ಯವಂತೂ ಎರಡರಲ್ಲಿ ಎರಡು ಬಗೆಯಾಗಿದೆ. ಇವುಗಳಲ್ಲಿ ಬಿಝೆ ಬರೆದದ್ದು ಯಾವುದು? ಈ ಪ್ರಶ್ನೆಯನ್ನು ಬದಿಗಿಟ್ಟು ಬರೀ ಗಾಯಕರನ್ನು ನೋಡಿ ಆರಿಸಿಕೊಂಡರೆ ಸಾಕೆ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1

ಬದಿಗಿಡುವಂತಹ ಪ್ರಶ್ನೆಯಲ್ಲ ಇದು. ಮೊದಲು ತೀರ್ಮಾನವಾಗಬೇಕಾದದ್ದೇ ಇದು ಎಂಬುದು ನನ್ನ ಅಭಿಪ್ರಾಯ. 'ಕಾರ್ಮೆನ್' ಮೊದಲು ಪ್ರದರ್ಶನಗೊಂಡದ್ದು 1875ರ ಮಾರ್ಚ್ 3ರಂದು ಪ್ಯಾರಿಸ್‌ನ ಒಪೆರಾ-ಕೊಮಿಕ್ ರಂಗಮಂದಿರದಲ್ಲಿ. ಹಾಡುಗಳ ನಡುವೆ ಮಾತು ಇರುವುದು ಆ ರಂಗಮಂದಿರದ ಪದ್ಧತಿಯಾಗಿತ್ತು. ಮೆಯ್ಯಾಕ್ ಮತ್ತು ಆಲೆವಿ ಬರೆದ ಮಾತುಗಳಿಗೆ ತಕ್ಕಂತೆಯೇ ಬಿಝೆ ಸಂಗೀತ ಹೊಂದಿಸಿದರು. ಅದೇ ವರ್ಷ ಜೂನ್ 3ರಂದು, 36ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಅಕ್ಟೋಬರ್‌ನಲ್ಲಿ ವಿಯೆನ್ನಾದ ಪ್ರದರ್ಶನಕ್ಕೆಂದು ಅವರ ಸ್ನೇಹಿತ ಅರ್ನೆಸ್ಟ್ ಗಿರೋ ಆ ಮಾತುಗಳ ಬದಲಿಗೆ ಹಾಡಿ ಹೇಳುವ ರೆಸಿಟೇಟಿವ್‌ಗಳನ್ನು ರಚಿಸಿಕೊಟ್ಟರು. ಒಪೆರಾ ಲೋಕವನ್ನೆಲ್ಲ ಸುತ್ತಿದ್ದು ಈ ಎರಡನೆಯ ರೂಪದಲ್ಲಿ. ಬೀಚಮ್ ಬಳಸಿದ್ದೂ ಅದನ್ನೇ.

ಮಾತು ಹೋದಾಗ ಕಳೆದುಹೋಗುವುದು ಕಾಲು ಗಂಟೆಯ ಹರಟೆಯಲ್ಲ. ಮೊದಲ ಅಂಕದ ಕೊನೆಯಲ್ಲಿ ಅಧಿಕಾರಿ ಝುನಿಗಾ ಕಾರ್ಮೆನ್‌ಳನ್ನು ವಿಚಾರಣೆಗೆ ನಿಲ್ಲಿಸುತ್ತಾನೆ. ಮೂಲದಲ್ಲಿ ಅವನು ಮಾತಿನಲ್ಲಿ ಪ್ರಶ್ನೆ ಕೇಳುತ್ತಾನೆ. ಅವಳು ಉತ್ತರ ಕೊಡದೆ 'ತ್ರಾ ಲಾ ಲಾ' ಎಂದು ಗುನುಗುತ್ತಾಳೆ. ಅವಳ ಉದ್ಧಟತನವೆಲ್ಲ ಅಡಗಿರುವುದು ಆ ಗುನುಗುವಿಕೆಯಲ್ಲಿ. ಆಮೇಲೆ ಕೈಕಟ್ಟಿಸಿಕೊಂಡು ಕುಳಿತವಳು ಸೆಗಿದಿಯಾ ಎಂಬ ಸ್ಪ್ಯಾನಿಷ್ ಕುಣಿತದ ಧಾಟಿಯ ಹಾಡನ್ನು ಹಾಡುತ್ತಾಳೆ; ಮಾತನಾಡಬೇಡವೆಂದು ಹೇಳಿರಲಿಲ್ಲವೇ ಎಂದು ಜೋಸೆ ಗದರಿದರೆ, ನಾನು ನಿನ್ನೊಡನೆ ಮಾತನಾಡುತ್ತಿಲ್ಲ, ನನ್ನಷ್ಟಕ್ಕೆ ಹಾಡಿಕೊಳ್ಳುತ್ತಿದ್ದೇನೆ ಎನ್ನುತ್ತಾಳೆ. ಮಾತಿಗೂ ಹಾಡಿಗೂ ವ್ಯತ್ಯಾಸವಿರುವ ಲೋಕದಲ್ಲಿ ಮಾತ್ರ ಈ ಉತ್ತರಕ್ಕೆ ಮೊನೆ ಇರುತ್ತದೆ. ಎಲ್ಲರೂ ಎಲ್ಲವನ್ನೂ ಹಾಡಿಯೇ ಹೇಳುವಲ್ಲಿ ಅದು ಸಪ್ಪೆಯಾಗುತ್ತದೆ.

ಜೋಸೆಯ ಪೂರ್ವಕಥೆಯೂ ಮಾತಿನೊಡನೆಯೇ ಹೋಗುತ್ತದೆ. ತನ್ನನ್ನು ಪಾದ್ರಿಯಾಗಿಸಬೇಕೆಂದು ಮನೆಯವರು ಬಯಸಿದ್ದರೆಂದೂ, ಚೆಂಡಾಟದ ಹುಚ್ಚಿನಿಂದ ಓದು ಹತ್ತಲಿಲ್ಲವೆಂದೂ, ಒಂದು ಆಟದ ಬಳಿಕ ನಡೆದ ಜಗಳದಿಂದಾಗಿ ನವಾರಾ ಪ್ರಾಂತವನ್ನೇ ಬಿಡಬೇಕಾಯಿತೆಂದೂ ಅವನು ಝುನಿಗಾನಿಗೆ ಹೇಳುತ್ತಾನೆ. ಇದನ್ನು ಕೇಳಿಸಿಕೊಂಡವರಿಗೆ ಕೊನೆಯ ಅಂಕದಲ್ಲಿ ಅವನು ಮಾಡುವ ಕಾರ್ಮೆನ್‌ಳ ಕೊಲೆ ಆಕಾಶದಿಂದ ಉದುರಿದಂತೆ ಕಾಣುವುದಿಲ್ಲ.

ಕಾದಾಟದ ವಿಚಾರ: 1964ರಲ್ಲಿ ಫ್ರಿಟ್ಸ್ ಓಸರ್ ಸಂಪಾದಿಸಿದ ಆವೃತ್ತಿಯಿಂದಾಗಿ ಉದ್ದನೆಯ ರೂಪ ಮತ್ತೆ ಬಳಕೆಗೆ ಬಂತು. ಅದರಲ್ಲಿ ಜೋಸೆ ಮೊದಲು ಎಸ್ಕಾಮಿಯೊನ ಕೈಗೆ ಸಿಕ್ಕಿಬೀಳುತ್ತಾನೆ. ಗೂಳಿಯನ್ನು ಹೊಡೆಯುವುದು ತನ್ನ ಕಸುಬೇ ಹೊರತು ಮನುಷ್ಯರ ಎದೆ ಸೀಳುವುದಲ್ಲ ಎಂದು ಎಸ್ಕಾಮಿಯೊ ಅವನನ್ನು ಬಿಟ್ಟುಬಿಡುತ್ತಾನೆ, ಬಳಿಕ ತಾನೇ ಸೋಲುತ್ತಾನೆ. ಮೊಟಕಾದ ರೂಪದಲ್ಲಿ ಸೋಲು ಮಾತ್ರ ಉಳಿದಿದೆ. ಆದರೆ ಓಸರ್ ಆವೃತ್ತಿಯನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ತಾಲೀಮಿನ ಸಮಯದಲ್ಲಿ ಬಿಝೆ ತಾವೇ ತೆಗೆದುಹಾಕಿದ್ದನ್ನೂ ಅವರು ಮರಳಿ ಸೇರಿಸಿದ್ದಾರೆಂದು ವಿಂಟನ್ ಡೀನ್ ಮೊದಲಾದ ವಿದ್ವಾಂಸರು ಕಟುವಾಗಿ ಆಕ್ಷೇಪಿಸಿದ್ದಾರೆ.

ಆದ್ದರಿಂದ ನನ್ನ ಶಿಫಾರಸು ಅಬ್ಬಾಡೊ. ಬೆರ್ಗಾನ್ಸಾ ಈ ಪಾತ್ರವನ್ನು ಮೊದಲು ಮಾಡಿದ್ದು 1977ರ ಎಡಿನ್‌ಬರೋ ಉತ್ಸವದಲ್ಲಿ. ಆ ಪ್ರದರ್ಶನದ ಬೆನ್ನಿಗೇ ಆದ ಧ್ವನಿಮುದ್ರಣವಿದು. ಸೊಂಟದ ಮೇಲೆ ಕೈಯಿಟ್ಟು ಅಬ್ಬರಿಸುವ ಕಾರ್ಮೆನ್ ಇಲ್ಲಿಲ್ಲ, ತನ್ನ ಮಾತಿಗೆ ತಾನೇ ಒಡತಿಯಾದ ಹೆಣ್ಣು ಇದ್ದಾಳೆ.

ಉತ್ತರ 2

ಮೇಲಿನವರು ಹೇಳಿದ ಚರಿತ್ರೆಗೆ ನನ್ನ ತಕರಾರಿಲ್ಲ, ಆದರೆ ಅದರಿಂದ ಅವರು ತಲುಪಿದ ತೀರ್ಮಾನವನ್ನು ನಾನು ಒಪ್ಪಲಾರೆ. ಮಾತಿರುವ ಧ್ವನಿಮುದ್ರಣವೆಂದರೆ ಮಾತನ್ನು ಚೆನ್ನಾಗಿ ಆಡಿದ ಧ್ವನಿಮುದ್ರಣವೆಂದು ಅರ್ಥವಲ್ಲ. ಬೇರೆ ಬೇರೆ ದೇಶಗಳ ಗಾಯಕರು ಸ್ಟುಡಿಯೊದಲ್ಲಿ ಒಪ್ಪಿಸುವ ಫ್ರೆಂಚ್ ಮಾತು ಬಹಳ ಸಲ ಶಾಲಾ ವಾರ್ಷಿಕೋತ್ಸವದ ನಾಟಕದಂತೆ ಕೇಳಿಸುತ್ತದೆ. ಹೆರ್ಬರ್ಟ್ ಫಾನ್ ಕರಯಾನ್ ತಮ್ಮ 1982-83ರ ಬರ್ಲಿನ್ ಧ್ವನಿಮುದ್ರಣದಲ್ಲಿ ಮಾತಿಗೆ ನಟರನ್ನೇ ಕರೆಸಿದರು. ಆಗ ಆಗ್ನೆಸ್ ಬಾಲ್ಟ್ಸಾ ಹಾಡುವ ಕಾರ್ಮೆನ್ ಬಾಯಿ ತೆರೆದು ಮಾತನಾಡಿದ ಕೂಡಲೇ ಬೇರೊಬ್ಬಳಾಗಿಬಿಡುತ್ತಾಳೆ. ಇದಕ್ಕಿಂತ ಗಿರೋ ಅವರ ರೆಸಿಟೇಟಿವ್‌ಗಳೇ ವಾಸಿ.

ಬೀಚಮ್ ಅವರ ಧ್ವನಿಮುದ್ರಣದಲ್ಲಿ ಮೊದಲು ಎರಡನೆಯ ಅಂಕದ ಮುಂಚಿನ ವಾದ್ಯಭಾಗವನ್ನು ಕೇಳಿರಿ. ಮುಂದೆ ಜೋಸೆ ದೂರದಿಂದ ಒಬ್ಬನೇ ಹಾಡಿಕೊಂಡು ಬರುವ ಸಿಪಾಯಿ ಹಾಡಿನ ಧಾಟಿಯನ್ನು ಅಲ್ಲಿ ಬಸೂನು ಎಂಬ ತಗ್ಗು ದನಿಯ ಊದುವಾದ್ಯಗಳು ನುಡಿಸುತ್ತವೆ. ಆ ಕಾಲದ ಫ್ರೆಂಚ್ ವಾದ್ಯವೃಂದಗಳು ಬಳಸುತ್ತಿದ್ದ ಫ್ರೆಂಚ್ ಮಾದರಿಯ ಬಸೂನಿನ ನಾದ ತೆಳು, ತುಸು ಮೂಗಿನದು, ಒಣಗಿದ ಬಿದಿರಿನ ಕಂಪು ಅದಕ್ಕೆ. ಈಗ ಎಲ್ಲೆಡೆ ಹರಡಿರುವ ಜರ್ಮನ್ ಮಾದರಿಯ ದುಂಡು ನಾದದಲ್ಲಿ ಆ ಕಿಡಿಗೇಡಿತನ ಸಿಗುವುದು ಕಷ್ಟ. ಬಿಝೆ ತಮ್ಮ ಕಿವಿಯಲ್ಲಿಟ್ಟುಕೊಂಡು ಬರೆದದ್ದು ಈ ಬಣ್ಣವನ್ನೇ ಅಲ್ಲವೇ? ಮೂಲಕ್ಕೆ ನಿಷ್ಠೆ ಎಂಬುದನ್ನು ಮಾತಿನ ಪಠ್ಯದಲ್ಲಿ ಮಾತ್ರ ಹುಡುಕಿದರೆ ಸಾಲದು.

ದೆ ಲೋಸ್ ಆಂಖೆಲೆಸ್ ಅವರದು ಈ ಪಾತ್ರಕ್ಕೆ ರೂಢಿಯಾದ, ತುಸು ತಗ್ಗಿನ ಮೆಝೊ ಕಂಠವಲ್ಲ, ಹೆಣ್ಣುದನಿಗಳಲ್ಲಿ ಎಲ್ಲಕ್ಕಿಂತ ಮೇಲಿನ ಸೊಪ್ರಾನೊ. ಈ ಕಾರ್ಮೆನ್ ಹೆದರಿಸುವುದಿಲ್ಲ, ನಗುನಗುತ್ತ ಎಳೆದುಕೊಳ್ಳುತ್ತಾಳೆ. ಧ್ವನಿಮುದ್ರಣದ ನಡುವೆ ಅವರು ಬೇಸತ್ತು ಹೊರಟುಹೋಗಿದ್ದರಿಂದ ಕೆಲಸ ಮರುವರ್ಷಕ್ಕೆ ಹೋಯಿತೆಂಬ ಕಥೆ ಎಲ್ಲರಿಗೂ ಗೊತ್ತು. ಆದರೆ ಆ ಬೇಸರದ ಗೆರೆಯೊಂದೂ ಹಾಡಿನಲ್ಲಿ ಕಾಣುವುದಿಲ್ಲ.

ಮರಿಯಾ ಕಾಲಾಸ್ ಅವರನ್ನೂ ಬಿಡಬೇಡಿ. ಜಾರ್ಜ್ ಪ್ರೆತ್ರ್ ನಿರ್ದೇಶನದಲ್ಲಿ 1964ರಲ್ಲಿ ಪ್ಯಾರಿಸ್‌ನಲ್ಲೇ ಆದ ಈ ಧ್ವನಿಮುದ್ರಣದಲ್ಲೂ ಜೋಸೆ ಗೆಡ್ಡಾ ಅವರೇ. ರಂಗದ ಮೇಲೆ ಕಾಲಾಸ್ ಈ ಪಾತ್ರವನ್ನು ಎಂದೂ ಮಾಡಲಿಲ್ಲ. ಮೂರನೆಯ ಅಂಕದಲ್ಲಿ ಇಸ್ಪೀಟೆಲೆಗಳನ್ನು ತಿರುವಿ ಸಾವನ್ನು ಓದುವಾಗ ಅವರು ದನಿಯನ್ನು ಎಷ್ಟು ಕೆಳಕ್ಕೆ, ಎಷ್ಟು ಸಮತಟ್ಟಾಗಿ ಇಳಿಸುತ್ತಾರೆಂದರೆ, ಆ ಒಂದು ದೃಶ್ಯಕ್ಕಾಗಿಯೇ ಆ ಧ್ವನಿಮುದ್ರಣವನ್ನು ಇಟ್ಟುಕೊಳ್ಳಬಹುದು. ಉಳಿದ ಕಡೆ ಅವರ ಮೇಲಿನ ಸ್ವರಗಳು ಒರಟಾಗಿವೆ ಎಂಬ ದೂರು ನಿಜವೇ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದಗಳು. ನೀವು ಹೇಳಿದ ವಿಚಾರಣೆಯ ದೃಶ್ಯವನ್ನು ಎರಡರಲ್ಲೂ ಕೇಳಿ ನೋಡಿದೆ. ವ್ಯತ್ಯಾಸ ಸ್ಪಷ್ಟವಾಗಿ ತಿಳಿಯಿತು. ಬಸೂನಿನ ವ್ಯತ್ಯಾಸವೂ ತಿಳಿಯಿತು, ಇದರಿಂದ ಆಯ್ಕೆ ಇನ್ನಷ್ಟು ಕಷ್ಟವಾಗಿದೆ! ಇಬ್ಬರೂ ಕಾರ್ಮೆನ್ ಬಗ್ಗೆಯೇ ಹೆಚ್ಚು ಬರೆದಿದ್ದೀರಿ. ಜೋಸೆಯ ಪಾತ್ರಕ್ಕೆ ಯಾರು ಒಪ್ಪುತ್ತಾರೆ? ಮಾತೂ ಫ್ರೆಂಚ್ ನಾದವೂ ಒಟ್ಟಿಗೆ ಸಿಗುವ ಧ್ವನಿಮುದ್ರಣ ಇದೆಯೇ?

ಉತ್ತರ 3

ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಆಂಡ್ರೆ ಕ್ಲೂಯ್ಟೆನ್ಸ್ 1950ರಲ್ಲಿ ಒಪೆರಾ-ಕೊಮಿಕ್‌ನ ಮೇಳ ಮತ್ತು ವಾದ್ಯವೃಂದದೊಡನೆಯೇ ಮಾಡಿದ ಧ್ವನಿಮುದ್ರಣವಿದೆ. ಸೊಲಾಂಜ್ ಮಿಶೆಲ್ ಕಾರ್ಮೆನ್, ರಾವುಲ್ ಜೊಬ್ಯಾಂ ಜೋಸೆ. ಮಾತು ಇದೆ, ಅದೂ ಅದನ್ನೇ ಕಸುಬಾಗಿಸಿಕೊಂಡವರ ಬಾಯಲ್ಲಿ ಸಲೀಸಾಗಿ ಹರಿಯುವ ಮಾತು. ಇದು ಮೊನೊ ಮುದ್ರಣ, ಎಂದರೆ ಎಲ್ಲ ದನಿಗಳೂ ಒಂದೇ ಕಡೆಯಿಂದ ಬಂದಂತೆ ಕೇಳಿಸುವಂಥದ್ದು. ಎರಡನೆಯ ಅಂಕದಲ್ಲಿ ಕಾರ್ಮೆನ್ ಕುಣಿಯುತ್ತಿರುವಾಗ ದೂರದಿಂದ ಹತ್ತಿರವಾಗುವ ಸೈನ್ಯದ ಕಹಳೆ, ಕೊನೆಯ ಅಂಕದಲ್ಲಿ ಅಖಾಡದ ಒಳಗಿನಿಂದ ಕೇಳಿಬರುವ ಜಯಕಾರ ಇವುಗಳಿಗೆ ಬೇಕಾದ ದೂರದ ಭಾವ ಇದರಲ್ಲಿ ಕಡಿಮೆ. ಅಷ್ಟನ್ನು ಸಹಿಸಿಕೊಳ್ಳಬಲ್ಲಿರಾದರೆ ನಿಮಗೆ ಬೇಕಾದದ್ದು ಇದೇ.

ಜೋಸೆಯನ್ನು ಅಳೆಯಲು ಎರಡು ಜಾಗಗಳು ಸಾಕು. ಮೊದಲನೆಯದು, ಕಾರ್ಮೆನ್ ತನ್ನತ್ತ ಎಸೆದ ಹೂವನ್ನು ನೆನೆದು ಎರಡನೆಯ ಅಂಕದಲ್ಲಿ ಅವನು ಹಾಡುವ ಹೂವಿನ ಹಾಡಿನ ಕೊನೆ. ತಾರಕದ ಬಿ-ಫ್ಲ್ಯಾಟ್ ಸ್ವರಕ್ಕೆ ಏರುವ ಆ ಸಾಲನ್ನು ಅತಿ ಮೆಲ್ಲಗೆ ಹಾಡಬೇಕೆಂದು ಬಿಝೆ ಗುರುತು ಹಾಕಿದ್ದಾರೆ, ಏಕೆಂದರೆ ಅವನು ಅಲ್ಲಿ ಶರಣಾಗುತ್ತಿದ್ದಾನೆ. ಕರಯಾನ್ ಅವರ 1963ರ ವಿಯೆನ್ನಾ ಧ್ವನಿಮುದ್ರಣದಲ್ಲಿ ಲಿಯೊಂಟೀನ್ ಪ್ರೈಸ್ ಜೊತೆ ಹಾಡಿದ ಫ್ರಾಂಕೊ ಕೊರೆಲ್ಲಿ ಅಲ್ಲಿ ಗೆದ್ದವರಂತೆ ಕೇಳಿಸುತ್ತಾರೆ. ಕಂಠ ಅದ್ಭುತ, ಪಾತ್ರ ಮಾತ್ರ ಕಾಣೆ. ಸೈಮನ್ ರ‍್ಯಾಟಲ್ ಬರ್ಲಿನ್ ಫಿಲ್‌ಹಾರ್ಮೋನಿಕ್‌ನೊಡನೆ 2012ರಲ್ಲಿ ಮಾಡಿದ್ದರಲ್ಲಿ ಯೋನಾಸ್ ಕೌಫ್‌ಮನ್ ಆ ಸ್ವರವನ್ನು ಉಸಿರಿನಷ್ಟು ಹಗುರವಾಗಿ ಹಿಡಿಯುತ್ತಾರೆ.

ಎರಡನೆಯದು ಕೊನೆಯ ದೃಶ್ಯದ ಆರಂಭ. ನಾನು ಬೆದರಿಸುತ್ತಿಲ್ಲ, ಬೇಡಿಕೊಳ್ಳುತ್ತಿದ್ದೇನೆ ಎಂದು ಜೋಸೆ ಹೇಳುವ ಆ ಸಾಲನ್ನು ನಿಜವಾಗಿ ಬೇಡಿಕೊಳ್ಳುವವನ ದನಿಯಲ್ಲಿ ಹಾಡುವವರು ವಿರಳ. ಹೆಚ್ಚಿನವರು ಅಷ್ಟು ಹೊತ್ತಿಗಾಗಲೇ ಚಾಕು ಹಿರಿದಿರುತ್ತಾರೆ. ಗೆಡ್ಡಾ ಇಲ್ಲಿ ನನಗೆ ಬಹಳ ಮೆಚ್ಚು. ಫ್ರೂಬೆಕ್ ದೆ ಬುರ್ಗೋಸ್ ನಿರ್ದೇಶನದಲ್ಲಿ ಗ್ರೇಸ್ ಬಂಬ್ರಿ ಎದುರು ಹಾಡಿದ ಜಾನ್ ವಿಕರ್ಸ್ ಬೇಡುವಾಗಲೇ ಭಯ ಹುಟ್ಟಿಸುತ್ತಾರೆ, ಅದು ಇನ್ನೊಂದು ಬಗೆಯ ಸತ್ಯ. ಡೊಮಿಂಗೊ ಅವರನ್ನು ಕೇಳುವುದಾದರೆ ಅಬ್ಬಾಡೊಗಿಂತ ಜಾರ್ಜ್ ಶೋಲ್ಟಿ ಅವರ 1975ರ ಧ್ವನಿಮುದ್ರಣ ಒಳ್ಳೆಯದು. ಮಾತು ಅದರಲ್ಲೂ ಇದೆ, ಜೊತೆಗೆ ತತಿಯಾನಾ ಟ್ರೊಯಾನೋಸ್ ಅವರ ಕಪ್ಪು ಛಾಯೆಯ ಕಾರ್ಮೆನ್.

ಉತ್ತರ 1 ಬರೆದವರಿಂದ

ಕ್ಲೂಯ್ಟೆನ್ಸ್ ಅವರ ಹೆಸರು ಬಂದದ್ದು ಒಳ್ಳೆಯದಾಯಿತು. ಶೋಲ್ಟಿ ವಿಚಾರದಲ್ಲಿ ಮಾತ್ರ ನನ್ನ ಸಹಮತವಿಲ್ಲ: ಟ್ರೊಯಾನೋಸ್ ಭವ್ಯವಾಗಿ ಹಾಡಿದ್ದಾರೆ, ಆದರೆ ವಾದ್ಯವೃಂದ ಎಲ್ಲ ಕಡೆ ಒಂದು ಹಿಡಿ ಹೆಚ್ಚೇ ಭಾರವಾಗಿದೆ, ಮೂರನೆಯ ಅಂಕದ ಮುಂಚಿನ ಕೊಳಲು ಮತ್ತು ಹಾರ್ಪ್‌ನ ಭಾಗವನ್ನು ಅಬ್ಬಾಡೊ ಅವರದರೊಂದಿಗೆ ಹೋಲಿಸಿ ನೋಡಿದರೆ ಇದು ತಿಳಿಯುತ್ತದೆ. ಪ್ರಶ್ನೆ ಕೇಳಿದವರು ಸಾಹಿತ್ಯವನ್ನು ಹಿಡಿದು ಮೊದಲ ಸಲ ಕೇಳಲು ಅಬ್ಬಾಡೊ, ಆನಂತರ ಬೀಚಮ್ ಎಂಬ ಕ್ರಮವನ್ನು ಇಟ್ಟುಕೊಳ್ಳಬಹುದು. ಒಂದು ಸೂಚನೆ: ಗಿರೋ ರೂಪಕ್ಕೆ ಮುದ್ರಿಸಿದ ಸಾಹಿತ್ಯವನ್ನು ಅಬ್ಬಾಡೊ ಧ್ವನಿಮುದ್ರಣದ ಜೊತೆ ಬಳಸಿದರೆ ಮೊದಲ ಅಂಕದಲ್ಲೇ ದಾರಿ ತಪ್ಪುತ್ತದೆ, ಆದ್ದರಿಂದ ಮಾತುಗಳನ್ನೂ ಒಳಗೊಂಡ ಸಾಹಿತ್ಯವನ್ನೇ ಆರಿಸಿಕೊಳ್ಳಿ.