ಪ್ರಶ್ನೋತ್ತರ: ಕಮೋಡ್ ಬ್ಲಾಕ್ ತೆಗೆದ ಮೇಲೆ ಸೋಂಕಿನ ಭಯ

ಶಿವಮೊಗ್ಗ: ಡಾಕ್ಟ್ರೇ, ಪ್ಲಂಜರ್ ಒತ್ತುವಾಗ ಕಮೋಡ್ ನೀರು ಮುಖಕ್ಕೆ ಹಾರಿತು. ಏನಾದ್ರೂ ಆಗುತ್ತಾ?

ಡಾಕ್ಟರ್: ಕಣ್ಣಿಗೆ ಬಿದ್ದಿದ್ರೆ ನಲ್ಲಿ ನೀರಲ್ಲಿ ಐದು ನಿಮಿಷವಾದರೂ ತೊಳೀರಿ, ಬಾಯಿ ಮುಕ್ಕಳಿಸಿ. ಗಾಯವಿಲ್ಲದ ಚರ್ಮದಿಂದ ಟೈಫಾಯ್ಡ್ ಬರಲ್ಲ, ಕೊಳೆ ಬಾಯಿಗೆ ಹೋದ್ರೆ ಬರುತ್ತೆ. ಉಗುರಿನ ಸಂದಿವರೆಗೆ ಸೋಪು ಹಾಕಿ. ಕೊಳೆ ಮೆತ್ತಿದ ಕೈಗೆ ಸ್ಯಾನಿಟೈಸರ್ ದಂಡ.

ಸಾಗರ: ನೆಲಕ್ಕೆ ಏನು ಹಾಕೋದು?

ಡಾಕ್ಟರ್: ಮೊದಲು ಸೋಪು ನೀರಲ್ಲಿ ಉಜ್ಜಿ, ಕೊಳೆ ಉಳಿದ್ರೆ ಕ್ಲೋರಿನ್ ಅದಕ್ಕೇ ಖರ್ಚಾಗುತ್ತೆ. ಆಮೇಲೆ ಲೀಟರ್ ನೀರಿಗೆ 15 ಗ್ರಾಂ ಬ್ಲೀಚಿಂಗ್ ಪೌಡರ್, ಹತ್ತು ನಿಮಿಷ ಬಿಟ್ಟು ತೊಳೀರಿ. ಹೋದ ವರ್ಷದ ಪ್ಯಾಕೆಟ್ ಬೇಡ. ನಮ್ಮ ಮಳೆಗಾಲ ಕಳೆಯೋ ಹೊತ್ತಿಗೆ ಅದು ಗಂಟು ಕಟ್ಟಿ ಸುಣ್ಣ ಆಗಿರುತ್ತೆ.

ಭದ್ರಾವತಿ: ಫಾರ್ವರ್ಡ್ ಬಂದಿದೆ: “ಟಾಯ್ಲೆಟ್ ಆಸಿಡ್‌ಗೆ ಬ್ಲೀಚಿಂಗ್ ಪೌಡರ್ ಬೆರೆಸಿ ಸುರಿಯಿರಿ. ಬ್ಲಾಕೂ ಹೋಗುತ್ತೆ, ಕ್ರಿಮಿಯೂ ಸಾಯುತ್ತೆ.”

ಡಾಕ್ಟರ್: ಸುರಿದವರೂ ಸಾಯಬಹುದು. ಎರಡೂ ಸೇರಿದ್ರೆ ಕ್ಲೋರಿನ್ ಗ್ಯಾಸ್. ಅಡ್ಮಿನ್, ಇದನ್ನ ತೆಗೀರಿ.

ಹೊಸನಗರ: ಹತ್ತು ದಿನದ ಹಿಂದೆ ಮಳೆಗೆ ಪಿಟ್ ತುಂಬಿ ಕಮೋಡಿಗೆ ವಾಪಸ್ ಬಂತು. ಅಣ್ಣ ಬರಿಗಾಲಲ್ಲಿ ನಿಂತು ಚೇಂಬರ್ ಬಿಡಿಸಿದ್ದ, ಹಿಮ್ಮಡಿ ಒಡೆದಿದೆ. ನಿನ್ನೆಯಿಂದ ಚಳಿಜ್ವರ, ಕಣ್ಣು ಕೆಂಪು, ಮೀನಖಂಡ ಮುಟ್ಟಕ್ಕೆ ಬಿಡಲ್ಲ. ಡೋಲೋ ಕೊಡ್ತಿದ್ದೀವಿ.

ಡಾಕ್ಟರ್: ಇವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗಿ, ಸಂಜೆ ನೋಡೋಣ ಅನ್ನಬೇಡಿ. ಇಲಿ ಜ್ವರ ಇರಬಹುದು. ಇಲಿ ಮೂತ್ರ ಸೇರಿದ ನೀರು ಒಡೆದ ಹಿಮ್ಮಡಿಯಿಂದ ಒಳಗೆ ಹೋಗುತ್ತೆ, ಸಾಮಾನ್ಯವಾಗಿ 5ರಿಂದ 14 ದಿನದಲ್ಲಿ ಜ್ವರ. ಮೀನಖಂಡದ ನೋವು, ಕೀವಿಲ್ಲದ ಕೆಂಪು ಕಣ್ಣು ನನಗೆ ಸರಿ ಕಾಣ್ತಿಲ್ಲ. ನೀರಲ್ಲಿ ನಿಂತಿದ್ದನ್ನ ನೀವೇ ಬಾಯಿಬಿಟ್ಟು ಹೇಳಿ, ಇಲ್ಲದಿದ್ರೆ ಬರೀ ವೈರಲ್ ಅಂತ ಬರೆದು ಕಳಿಸಿಯಾರು. ಪ್ಲೇಟ್‌ಲೆಟ್, ಕಿಡ್ನಿಗೆ ಕ್ರಿಯಾಟಿನಿನ್, ಲಿವರ್ ಟೆಸ್ಟ್ ಆಗಲಿ. ಇಲಿ ಜ್ವರದ ರಕ್ತ ಪರೀಕ್ಷೆ ಐಜಿಎಂ ಎಲೈಸಾ ಜ್ವರದ ಮೊದಲ ವಾರ ನೆಗೆಟಿವ್ ಬರಬಹುದು, ಅದನ್ನ ನಂಬಿ ಔಷಧ ತಡ ಮಾಡೋದಲ್ಲ. ಡೋಲೋ ಪರವಾಗಿಲ್ಲ. ಡೈಕ್ಲೋಫೆನಾಕ್, ಬ್ರೂಫೆನ್‌ನಂಥ ನೋವಿನ ಮಾತ್ರೆ ಮುಟ್ಟಬೇಡಿ, ಕಿಡ್ನಿಗೆ ಕೆಟ್ಟದ್ದು. ಮೂತ್ರ ಕಡಿಮೆಯಾದ್ರೆ, ಕಣ್ಣು ಹಳದಿಯಾದ್ರೆ, ಕೆಮ್ಮಿದಾಗ ರಕ್ತ ಬಂದ್ರೆ ನೇರ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ.

ತೀರ್ಥಹಳ್ಳಿ: ಅಮೃತಬಳ್ಳಿ ಕಷಾಯ ಮೂರು ದಿನ ಕೊಟ್ಟು ನೋಡಿ, ಇಂಗ್ಲಿಷ್ ಔಷಧಿ ಆಮೇಲೆ.

ಡಾಕ್ಟರ್: ಆ ಮೂರು ದಿನದಲ್ಲಿ ಕಿಡ್ನಿ ಹೋಗುತ್ತೆ ಸ್ವಾಮಿ.

ಸೊರಬ: ಇದು ಮಂಗನ ಕಾಯಿಲೆ ಅಲ್ವಾ?

ಡಾಕ್ಟರ್: ಅದು ಉಣುಗು ಕಚ್ಚಿ ಬರೋದು. ನಿಮ್ಮ ಕ್ಯಾಸನೂರಲ್ಲೇ 1957ರಲ್ಲಿ ಗೊತ್ತಾಗಿದ್ದು.

ಶಿಕಾರಿಪುರ: ಸರ್, ನನಗೂ ನೀರು ಹಾರಿತ್ತು. ಏನಾದ್ರೂ ಆಗುತ್ತಾ?

ಡಾಕ್ಟರ್: ಮೇಲೆ ಓದಿ.

ಸಾಗರ: ಚೇಂಬರ್ ತಗಡು ಬೆರಳಿಗೆ ಕೊಯ್ದಿದೆ. ಟಿಟಿ ಬೇಕಾ?

ಡಾಕ್ಟರ್: ಕೊನೇದು ತಗೊಂಡು ಐದು ವರ್ಷ ದಾಟಿದ್ರೆ ಬೇಕು.

ತೀರ್ಥಹಳ್ಳಿ: ಕಷಾಯ ಅಂದ್ರೆ ಇವರಿಗೆ ಯಾಕೋ ಸಿಟ್ಟು.

ಭದ್ರಾವತಿ: ನಿಮ್ಮ ಕಷಾಯ ಪಿಟ್ಟಿಗೆ ಹಾಕಿ ಮಾರಾಯ್ರೆ, ಬ್ಲಾಕ್ ಆದ್ರೂ ಹೋದೀತು.

ತೀರ್ಥಹಳ್ಳಿ: ಗ್ಯಾಸ್ ಫಾರ್ವರ್ಡ್ ಹಾಕಿದವರು ಮಾತಾಡಬಾರದು. ಪಿಟ್ಟಲ್ಲಿ ಹೂಳು ಕಟ್ಟಿದ್ರೆ ಒಳಗಿಳಿದು ಗುದ್ದಲೀಲಿ ಬಿಡಿಸಬೇಕು, ಅಷ್ಟೇ.

ಡಾಕ್ಟರ್: ಯಾರೂ ಇಳೀಬೇಡಿ, ಯಾರನ್ನೂ ಇಳಿಸಬೇಡಿ. ಒಳಗಿನ ಗ್ಯಾಸಿಗೆ ಎರಡು ಉಸಿರಲ್ಲಿ ಎಚ್ಚರ ತಪ್ಪುತ್ತೆ, ಎತ್ತೋಕೆ ಇಳಿದವನೂ ಬೀಳ್ತಾನೆ. ಇಳಿಸೋದು 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆ ಪ್ರಕಾರ ಅಪರಾಧ. ಸಕ್ಕಿಂಗ್ ಗಾಡಿ ಕರೆಸಿ. ಹೊಸನಗರದವರು ಹೊರಟ್ರಾ?

ಕೊಪ್ಪ: ಬಾವಿ ಪಿಟ್ಟಿಂದ ಇಪ್ಪತ್ತೇ ಅಡಿ. ನೀರು ಕುದಿಸಿದ್ರೆ ಸಾಕಾ?

ತೀರ್ಥಹಳ್ಳಿ: ಯಾರು ಹೂಳು ತೆಗೆಸಿಲ್ಲ ಹೇಳಿ ನೋಡೋಣ!

ಹೊಸನಗರ: ಜೀಪಲ್ಲಿದ್ದೀವಿ ಡಾಕ್ಟ್ರೇ. ಬೆಳಿಗ್ಗೆಯಿಂದ ಒಂದೇ ಸಲ ಮೂತ್ರಕ್ಕೆ ಹೋಗಿದ್ದು.

ಡಾಕ್ಟರ್: ನೇರ ಮೆಗ್ಗಾನ್. ನಡುವೆ ಎಲ್ಲೂ ನಿಲ್ಲಿಸಬೇಡಿ.