ಪಕ್ಷಾಂತರದ ಪೋಸ್ಟರ್: ಬಿ.ಎಡ್. ಗಣಿತ ಬ್ಯಾಚ್ ಗುಂಪಿನ ಚರ್ಚೆ

ಗಿರೀಶ್: [ಚಿತ್ರ: "ಪಕ್ಷಾಂತರ ಮಾಡಿದವರ ಚಿಹ್ನೆ ಬದಲಾಗಲೇಬೇಕು! ಸಮೀಕರಣ ಬಿಡಿಸಲು ಒಂದೇ ಸೂತ್ರ"]
8ನೇ ತರಗತಿ ಗೋಡೆಗೆ ಹೇಳಿ ಮಾಡಿಸಿದ ಹಾಗಿದೆ. ಪ್ರಿಂಟ್ ಹಾಕಿಸಿ 😄

ಶಾಂತಲಾ: ನಗು ಬಂತು. ಆದ್ರೆ ಗೋಡೆಗೆ ಬೇಡ. ಯ + 5 = 12 ಇದ್ದಾಗ ಸರಿ: 5 ಸಮ ಚಿಹ್ನೆ ದಾಟಿ (ಇದೇ ಪಕ್ಷಾಂತರ) −5 ಆಗುತ್ತೆ. −4ಯ = 20 ಕೊಟ್ಟು ನೋಡಿ. ಈ ಸೂತ್ರ ಬಾಯಿಪಾಠ ಮಾಡಿದ ಮಗು −4 ಅನ್ನು ದಾಟಿಸಿ, ಚಿಹ್ನೆ ತಿರುಗಿಸಿ, ಯ = 24 ಅನ್ನುತ್ತೆ. ಭಾಗಿಸಬೇಕು ಅಂತ ನೆನಪಿರೋ ಮಗು ಚಿಹ್ನೆಯನ್ನೂ ಬದಲಿಸಿ 20 ÷ 4 = 5 ಅನ್ನುತ್ತೆ. ಉತ್ತರ −5.

ಬಸವರಾಜ: ಎಕ್ಸ್ ಬದಲು ಯ ಬರದ್ರಿ, ಚಲೋ ಆತು. ಭಾಸ್ಕರಾಚಾರ್ಯನೂ ಗೊತ್ತಿಲ್ಲದ ಸಂಖ್ಯೆಗೆ 'ಯಾ' ಅಂತನ ಬರೀತಿದ್ದ.

ಗಿರೀಶ್: ಗುಣಿಸಿದ್ದು ಆಚೆ ಹೋದ್ರೆ ಕೆಳಗೆ ಕೂರುತ್ತೆ ಅಂತ ಎರಡನೇ ನಿಯಮ ಹೇಳ್ತೀವಲ್ಲ! ಪಕ್ಷಾಂತರ ಪಠ್ಯದಲ್ಲೇ ಇದೆ. ಕ್ರಿ.ಶ. 499ರ ಆರ್ಯಭಟೀಯದಲ್ಲೂ ಇಂಥದ್ದೇ ಶಾರ್ಟ್‌ಕಟ್: ಇಬ್ಬರ ಆಸ್ತಿ ಸಮ ಇದ್ದಾಗ, ನಗದಿನ ವ್ಯತ್ಯಾಸವನ್ನು ವಸ್ತುಗಳ ವ್ಯತ್ಯಾಸದಿಂದ ಭಾಗಿಸು. 7ಯ + 4 = 4ಯ + 19 ಅಂದ್ರೆ 15 ÷ 3, ಉತ್ತರ 5. ಮುಗೀತು.

ನಾಜಿಯಾ: ಅದೇ ಲೆಕ್ಕದಲ್ಲಿ ಒಂದು ಚಿಹ್ನೆ ತಿರುಗಿಸಿ: 7ಯ − 4 = 4ಯ + 11. ಮಕ್ಕಳು 11 − 4 = 7 ಮಾಡಿ 7/3 ಬರೀತಾರೆ. ವ್ಯತ್ಯಾಸ 11 − (−4), ಅಂದ್ರೆ 15. ಎರಡೂ ಕಡೆ 4 ಕೂಡಿಸಿ ಬರೆದವರು ಇಲ್ಲಿ ಎಡವಲ್ಲ.

ಶಾಂತಲಾ: ಭಿನ್ನರಾಶಿಗೆ ಬಂದಾಗಲಂತೂ ಈ ಪೋಸ್ಟರ್ ಯಾವ ಕೆಲಸಕ್ಕೂ ಬರಲ್ಲ.
(2ಯ − 1)/3 − (ಯ − 4)/2 = 2
ಛೇದಗಳ ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ) 6. ಪ್ರತಿ ಪದಕ್ಕೂ 6 ಗುಣಿಸಬೇಕು:
2(2ಯ − 1) − 3(ಯ − 4) = 12
4ಯ − 2 − 3ಯ + 12 = 12
ಯ + 10 = 12
ಯ = 2
ಬಲಗಡೆಯ 2 ಅನ್ನು ಗುಣಿಸದೆ ಹಾಗೇ ಬಿಟ್ಟರೆ ಉತ್ತರ −8. −3 ಅನ್ನು ಆವರಣದೊಳಗಿನ −4ಕ್ಕೆ ಗುಣಿಸಿ −12 ಅಂತ ಬರೆದರೆ 26. ಎರಡರಲ್ಲೂ ಪಕ್ಷಾಂತರ ಸರಿಯಾಗೇ ಮಾಡಿರ್ತಾರೆ! ಪೋಸ್ಟರ್ ಮಕ್ಕಳ ಕಣ್ಣನ್ನೆಲ್ಲ ಸಮ ಚಿಹ್ನೆ ದಾಟೋ ಜಾಗಕ್ಕೆ ಎಳೆಯುತ್ತೆ. ತಪ್ಪಾಗೋದು ಅದಕ್ಕಿಂತ ಎರಡು ಸಾಲು ಮೇಲೆ.

ಗಿರೀಶ್: ಪರೀಕ್ಷೆಯಲ್ಲಿ ಟೈಮ್ ಬೇಕಲ್ಲ ಮೇಡಂ. ಪ್ರತಿ ಸಾಲಿಗೂ "ಎರಡೂ ಕಡೆ ಕೂಡಿಸಿದಾಗ" ಅಂತ ಬರೀತಾ ಕೂತರೆ ಆಯ್ತು.

ನಾಜಿಯಾ: ಪರೀಕ್ಷೆಗೆ ಪಕ್ಷಾಂತರವೇ ಇರಲಿ, ಯಾರು ಬೇಡ ಅಂದ್ರು? 7ನೇ ತರಗತಿಯ ಸರಳ ಸಮೀಕರಣದಲ್ಲಿ "ಎರಡೂ ಕಡೆ" ಅಂತ ಬರೆಸಿ, ಕೈ ಕುದುರಿದ ಮೇಲೆ 8ನೇ ತರಗತಿಯಲ್ಲಿ ಹಾಗೆ ಬರೆಸೋದು ನಿಲ್ಲಿಸಿ. ಉಳಿದ ಟೈಮ್ ತಾಳೆ ನೋಡೋಕೆ. ಯ = 26 ಹಾಕಿ: 51/3 − 22/2 = 17 − 11 = 6. ಬರಬೇಕಾದ್ದು 2. ಅರ್ಧ ನಿಮಿಷದ ಕೆಲಸ. ಆದ್ರೆ ಬೆಲೆ ಹಾಕೋದು ಪ್ರಶ್ನೆಯಲ್ಲಿ ಕೊಟ್ಟ ಸಮೀಕರಣಕ್ಕೇ. ತಾವೇ ಬಿಡಿಸಿದ 3ನೇ ಸಾಲಿಗೆ ಹಾಕಿದ್ರೆ 26 ಕೂಡ ಸರಿಯಾಗೇ ತಾಳೆ ಆಗುತ್ತೆ.

ಬಸವರಾಜ: 5ಯ = 3ಯ ಕೊಡ್ರಿ. ಎರಡೂ ಕಡೆ ಯ ಹೊಡದು, 5 = 3 ಅಂತ ಬರದು, "ಪರಿಹಾರ ಇಲ್ಲ" ಅಂತಾರ. ಯ ಸೊನ್ನಿ ಇರಬಹುದಲ್ರೀ, ಸೊನ್ನಿಯಿಂದ ಭಾಗಿಸಂಗಿಲ್ಲ. 3ಯ ಕಳದ್ರ 2ಯ = 0, ಅಂದ್ರ ಯ = 0. ಖರೇನ ಪರಿಹಾರ ಇಲ್ಲದ್ದು 2ಯ + 3 = 2ಯ + 7, ಅಲ್ಲಿ 3 = 7 ಉಳೀತದ. 2(ಯ + 3) = 2ಯ + 6 ಕೊಟ್ರ 6 = 6, ಯಾವ ಸಂಖ್ಯೆ ಹಾಕಿದ್ರೂ ನಡೀತದ. ಈ ಎರಡಕ್ಕೂ ಯ = 0 ಅಂತ ಬರದು ಕೈ ತೊಳಕೊಳ್ಳೋರು ಭಾಳ.

ಗಿರೀಶ್: ಸರಿ, "ಒಂದೇ ಸೂತ್ರ" ತೆಗೆಸ್ತೀನಿ. ಪಕ್ಷಾಂತರದ ಸಾಲು ಮಾತ್ರ ಬಿಡಲ್ಲ. ಮಕ್ಕಳಿಗೆ ನೆನಪಲ್ಲಿ ಉಳಿಯೋದೇ ಅದು.

ಶಾಂತಲಾ: ಇರಲಿ. ಕೆಳಗೆ "ಕೂಡಿಸಿದ, ಕಳೆದ ಪದಗಳಿಗೆ ಮಾತ್ರ, ಸಹಗುಣಕಕ್ಕೆ (ಯ ಜೊತೆ ಗುಣಿಸಿರೋ ಸಂಖ್ಯೆಗೆ) ಅಲ್ಲ" ಅಂತ ದಪ್ಪಕ್ಷರದಲ್ಲಿ ಹಾಕಿಸಿ. ಪಕ್ಕದಲ್ಲಿ −4ಯ = 20.

ಬಸವರಾಜ: ಉತ್ತರ ಬರೀಬ್ಯಾಡ್ರಿ ಮತ್ತ.